ಕಾಲರಕ್ಕ ಬಿದ್ದ ಕಾರಣ

ಹೊಲಿಗೆ ಅಂಗಡಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ, ಹಾಗಾಗಿ ಎಲ್ಲರ ಬಾಯಲ್ಲೂ ಕಾಲರಕ್ಕ. ಅರವತ್ತು ಸಮೀಪಿಸಿದ್ದರೂ ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕರೆದವಳಲ್ಲ. ಆಕೆಯದೊಂದು ಹಟವಿತ್ತು: ಕಾಲರ್ ಒಂದೇ ಓಟದಲ್ಲಿ ಮುಗಿಯಬೇಕು, ನಡುವೆ ನಿಲ್ಲಿಸಿ ಎದ್ದರೆ ತುದಿ ಸೊಟ್ಟಗಾಗುತ್ತದೆ. ಆಕಾಶ ಕಳಚಿ ಬಿದ್ದರೂ ಸರಿಯೇ, ಈ ತುದಿಯಿಂದ ಆ ತುದಿ ಮುಟ್ಟುವವರೆಗೆ ಪೆಡಲ್ ಮೇಲಿನ ಕಾಲು ತೆಗೆಯುತ್ತಿರಲಿಲ್ಲ.

ಆಕಾಶವೇನೂ ಬೀಳಲಿಲ್ಲ. ಆದರೆ ಎರಡು ವರ್ಷದಿಂದ ಮೂತ್ರ ಆಕೆಯ ಮಾತು ಕೇಳುವುದನ್ನು ಬಿಟ್ಟಿತ್ತು. ಬಂತು ಎಂದರೆ ಬಂತು, ತಡೆಯಲು ಪುರುಸೊತ್ತೇ ಕೊಡದು. ಸೀನಿದರೆ ಒಂದಿಷ್ಟು, ನಕ್ಕರೆ ಒಂದಿಷ್ಟು. ಅದಕ್ಕೇ ಕಾಲರಕ್ಕ ನಗುವುದನ್ನು ಕಡಿಮೆ ಮಾಡಿದಳು, ಗಾಢ ಬಣ್ಣದ ಬಟ್ಟೆಗಳನ್ನೇ ತೊಟ್ಟಳು, ಮಧ್ಯಾಹ್ನದವರೆಗೆ ಹನಿ ನೀರು ಮುಟ್ಟಲಿಲ್ಲ. ನೀರು ಬಿಟ್ಟದ್ದಕ್ಕೆ ಉರಿ ಶುರುವಾಯಿತು, ತಲೆ ಸುತ್ತು ಬಂತು, ಅವಸರ ಮಾತ್ರ ಕಮ್ಮಿಯಾಗಲಿಲ್ಲ. ಮೊಣಕಾಲು ನೋವನ್ನು ಊರಿಗೆಲ್ಲ ಸಾರುವ ಹೆಂಗಸರು ಇದೊಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಾರಲ್ಲ, ನೆನೆದರೆ ಸಿಟ್ಟು ಬರುತ್ತದೆ. ಯಾರ ಮನೆ ಹಾಳು ಮಾಡಿದ್ದಾರೆಂದು ಈ ನಾಚಿಕೆ?

ಆ ದಿನ ಶಾಲೆಯ ಸಮವಸ್ತ್ರದ ರಾಶಿ ಬಿದ್ದಿತ್ತು. ಕಾಲರ್ ಅರ್ಧ ಆಗಿದ್ದಾಗ ಅವಸರ ಬಂತು. ಎದ್ದು ಹೋಗಬಹುದಿತ್ತು. ಆದರೆ ಹಲ್ಲು ಕಚ್ಚಿ ತುದಿ ಮುಟ್ಟಿಸಿ, ದಾರ ಕತ್ತರಿಸಿ, ಆಮೇಲೆ ದೌಡಾಯಿಸಿದಳು. ಇಸ್ತ್ರಿ ಮೇಜು ದಾಟಿದರೆ ಹಿಂಬಾಗಿಲು, ಅಲ್ಲಿ ಎರಡು ಮೆಟ್ಟಿಲು. ಕಣ್ಣು ಕಕ್ಕಸಿನ ಚಿಲಕದ ಮೇಲಿತ್ತು, ಕಾಲು ಮೆಟ್ಟಿಲು ತಪ್ಪಿತು. ಎಡ ಮಣಿಕಟ್ಟು ಮುರಿಯಿತು. ಕಾಲರ್ ಮಾತ್ರ ನೆಟ್ಟಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಹೇಗೆ ಬಿದ್ರಿ?" ಎಂದು ಕೇಳಿದಾಗ ಪಕ್ಕದಲ್ಲಿ ಮಗ, ಅಂಗಡಿಯ ಯಜಮಾನ ಇಬ್ಬರೂ ನಿಂತಿದ್ದರು. ಕಾಲರಕ್ಕನ ಬಾಯಿಗೆ ಬಂದದ್ದು ಒಂದೇ ಮಾತು: "ನೆಲದ ಮೇಲೆ ಬಟ್ಟೆ ಚೂರು ಬಿದ್ದಿತ್ತು, ಜಾರ್ಬಿಟ್ಟೆ." ಆ ಮಾತು ಯಾರ ತಲೆಗೆ ಸುತ್ತಿಕೊಳ್ಳುತ್ತದೆಂದು ಆಗ ಯೋಚಿಸಲಿಲ್ಲ.

ಪಟ್ಟಿ ಕಟ್ಟಿದ ಕೈ ಹೊತ್ತು ಅಂಗಡಿಗೆ ಬಂದ ದಿನ ಇಸ್ತ್ರಿಯವನು ಹೇಳಿದ. ಗುಡಿಸಿ ಒರೆಸುವ ಹೆಂಗಸಿಗೆ ಯಜಮಾನ, ತಿಂಗಳು ಮುಗಿದ ಮೇಲೆ ಬರಬೇಡ ಅಂದುಬಿಟ್ಟಿದ್ದ. ಆ ಹೆಂಗಸಿಗೆ ಅಂಗಡಿಯವರಿಟ್ಟ ಹೆಸರು ರೇಡಿಯೋ. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಯಾರ ಸೊಸೆ ಬಸುರಿ, ಎಲ್ಲವೂ ಅವಳಿಂದ ಬೀದಿಗೆ ಬಿತ್ತರ. ಗಂಡನಿಲ್ಲದ ಮನೆ, ಓದುತ್ತಿರುವ ಮಗಳು, ಈ ಕೆಲಸವೇ ಆಧಾರ. ಆದರೂ ಅವಳು ಒಂದು ಮಾತೂ ಎದುರಾಡಿರಲಿಲ್ಲ. "ಇರಬಹುದು ಸಾರ್, ಚೂರು ಬಿಟ್ಟಿರಬಹುದು" ಅಂದಳಂತೆ.

ಮಧ್ಯಾಹ್ನ ಕಾಲರಕ್ಕ ಬುತ್ತಿ ಬಿಚ್ಚಲೇ ಇಲ್ಲ. ನಿಜ ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ ಒಬ್ಬಳ ಹೊಟ್ಟೆಯ ಮೇಲೆ ಹೊಡೆದ ಪಾಪ. ಮಾನ ದೊಡ್ಡದೋ ಅನ್ನ ದೊಡ್ಡದೋ ಎಂದು ತೂಗುತ್ತ ಕೂತವಳಿಗೆ, ಮಾನ ತನ್ನದು, ಅನ್ನ ಇನ್ನೊಬ್ಬಳದು ಎಂಬುದು ಹೊಳೆಯಿತು.

ಎದ್ದು ಯಜಮಾನನ ಮೇಜಿನ ಮುಂದೆ ನಿಂತಳು. ರೇಡಿಯೋ ಅಲ್ಲೇ ನೆಲ ಒರೆಸುತ್ತಿದ್ದಳು.

"ಅವಳನ್ನ ಬಿಡಿಸ್ಬೇಡಿ. ನೆಲದ ಮೇಲೆ ಏನೂ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದು."

"ಮತ್ತೆ ಹೇಗೆ ಬಿದ್ರಿ ಅಕ್ಕಾ?"

"ಉಚ್ಚೆ ತಡ್ಕೊಳ್ಳೋಕಾಗದೆ ಓಡಿದೆ. ಎರಡು ವರ್ಷದಿಂದ ಹೀಗೇ. ಸಾಕಾ, ಇನ್ನೂ ಬಿಡಿಸಿ ಹೇಳ್ಬೇಕಾ?"

ಯಜಮಾನ ಅಳತೆ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಆಯ್ತು, ಅವಳು ಇರ್ಲಿ ಬಿಡಿ" ಎಂದು ಹೊರಗೆ ಹೋದ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಹೊರಗೆ ಏನಾದರೊಂದು ಕೆಲಸ ಇದ್ದೇ ಇರುತ್ತದೆ.

ಕಾಲರಕ್ಕ ಬಂದು ತನ್ನ ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತಳು. "ಹೋಗಮ್ಮ, ಈಗ ಬೀದಿಗೆಲ್ಲ ಹೇಳ್ಕೊಂಡು ಬಾ."

ರೇಡಿಯೋ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಹತ್ತಿರ ಬಂದು ದನಿ ತಗ್ಗಿಸಿದಳು.

"ಹೇಳೋದಿದ್ರೆ ಯಾವಾಗ್ಲೋ ಹೇಳ್ತಿದ್ದೆ ಅಕ್ಕಾ. ದಿನಾ ಸಂಜೆ ಈ ಕುರ್ಚಿ ಒರೆಸೋಳು ನಾನೇ ಅಲ್ವಾ?"

ಕಾಲರಕ್ಕ ಕುರ್ಚಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. "ಗೊತ್ತಿದ್ದೂ ಕೆಲಸ ಬಿಡೋಕೆ ಒಪ್ಕೊಂಡ್ಯಾ?"

"ನೀವೇ ಹೇಳ್ದೇ ಇರೋದನ್ನ ನಾನು ಹೇಗೆ ಹೇಳ್ಲಿ? ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ, ನಾನೂ ಬರ್ತೀನಿ. ಇದಕ್ಕೂ ಔಷಧಿ, ವ್ಯಾಯಾಮ ಎಲ್ಲ ಇದೆಯಂತೆ. ಈ ಸಲ ಕೈ ಆಯ್ತು, ಮುಂದಿನ ಸಲ ಸೊಂಟ ಮುರ್ಕೊಂಡ್ರೆ ಏನ್ ಗತಿ?"

ಇಷ್ಟು ದಿನ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಇವಳಿಗೇ ಅಲ್ಲವೇ ಎಂದು ಕಾಲರಕ್ಕನಿಗೆ ನಾಚಿಕೆಯಾಯಿತು. ಎರಡು ವರ್ಷದಲ್ಲಿ ಮೊದಲ ಸಲ, ನಾಚಬೇಕಾದ ವಿಷಯಕ್ಕೆ ಆಕೆ ನಾಚಿದ್ದಳು.