ಹಿತ್ತಲಿಗೊಂದು ಮೆಟಲ್ ಡಿಟೆಕ್ಟರ್

ಆ ಗುರುವಾರ ಬೆಳಿಗ್ಗೆ ಅತ್ತೆಯ ಮೈ ಒರೆಸಿ ಸೀರೆ ಬದಲಿಸಿದೆ, ರಾಗಿ ಗಂಜಿ ಕುಡಿಸಿದೆ, ನಲ್ಲಿಯಲ್ಲಿ ನಾಲ್ಕು ಕೊಡ ನೀರು ಹಿಡಿದೆ, ಚಿತ್ರಾನ್ನ ಕಲಸಿದೆ, ಮಧ್ಯಾಹ್ನದವರೆಗೆ ಅತ್ತೆಯ ಹತ್ತಿರ ಕೂತಿರಲು ಪಕ್ಕದ ಮನೆಯವರಿಗೆ ಹೇಳಿದೆ. ಆಮೇಲೆ ನಮ್ಮವರ ಜೊತೆ ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತಿದೆ. ನೆಲದಲ್ಲಿ ಹೂತ ಚಿನ್ನ ಹುಡುಕುವ ಯಂತ್ರವನ್ನು ಎರಡು ದಿನದ ಬಾಡಿಗೆಗೆ ತರಬೇಕಿತ್ತು.

ಚಿನ್ನ ನಾದಿನಿಯದು. ಎರಡೆಳೆ ಅವಲಕ್ಕಿ ಸರ, ಒಂದು ಜೊತೆ ಬಳೆ. ಗಂಡ ಕುಡಿತಕ್ಕೆ ಬಿದ್ದಾಗ ಅವಳು ಅವನ್ನು ತಂದು ಅಮ್ಮನ ಕೈಗೆ ಕೊಟ್ಟಿದ್ದಳು. ಎಲ್ಲಿಟ್ಟೆ ಅಂತ ಅತ್ತೆ ಯಾರಿಗೂ ಹೇಳಲಿಲ್ಲ. ಆ ವರ್ಷವೇ ಲಕ್ವ ಹೊಡೆದು ಮಾತು ನಿಂತಿತು. ಕೇಳಿದಾಗಲೆಲ್ಲ ಎಡಗೈ ಎತ್ತಿ ಹಿತ್ತಲ ಕಡೆ ತೋರಿಸುತ್ತಿದ್ದರು, ಅಷ್ಟೇ.

ನಾದಿನಿ ಒಂದು ಸಲ ನನ್ನನ್ನು ಕೇಳಿದಳು. "ಅಮ್ಮನ ಪೆಟ್ಟಿಗೆ ಬೀಗದ ಕೈ ನಿಮ್ಮ ಹತ್ರಾನೇ ಇರ್ತಿತ್ತಲ್ವಾ ಅತ್ತಿಗೆ?"

ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನಾನು ಕೊಟ್ಟ ಕಾಫಿಯನ್ನು ಅರ್ಧ ಬಿಟ್ಟೇ ಏಳುತ್ತಿದ್ದಳು. ಆ ಒಡವೆ ಸಿಗದೆ ನಾನು ಕಳ್ಳಿಯಲ್ಲ ಅಂತ ಆಗುವಂತಿರಲಿಲ್ಲ.

ಅವಳು ಶಿವಮೊಗ್ಗದ ಹೊಸಮನೆ ಬಡಾವಣೆಯ ತನ್ನ ಮನೆಯಿಂದ ಆಟೋ ಹಿಡಿದು ನೇರ ಅಂಗಡಿಗೇ ಬಂದಳು. ಪಂಪು, ಮೋಟರು ಬಾಡಿಗೆಗೆ ಕೊಡುವ ಅಂಗಡಿ. ನೆಲದೊಳಗಿನ ಪೈಪು ಹುಡುಕುವವರಿಗೆಂದು ಎರಡು ಯಂತ್ರ ಇಟ್ಟಿದ್ದರು. ಉದ್ದ ಕೋಲು, ತುದಿಯಲ್ಲಿ ತಟ್ಟೆಯಂಥದ್ದು.

"ನಿಧಿ ಗಿಧಿ ಅಲ್ಲ ತಾನೆ? ಆಮೇಲೆ ಪೊಲೀಸ್ನೋರು ನನ್ನ ಹಿಡೀತಾರೆ" ಅಂದ ಅಂಗಡಿಯವನು.

"ನಮ್ಮ ನಿಧೀನ ನಮ್ಮಮ್ಮನೇ ಹೂತಿದ್ದು ಮಾರಾಯ" ಅಂದರು ನಮ್ಮವರು.

ಅವನು ನನ್ನ ಕೈಯ ಬಳೆ ಕೇಳಿ ಪಡೆದು, ಬಕೆಟ್ಟಿನ ಮರಳಲ್ಲಿ ಹುಗಿದು ತೋರಿಸಿದ. ಎರಡೂ ಯಂತ್ರ ಕುಂಯ್ ಅಂದವು. ವಾಪಸ್ಸು ಕೊಟ್ಟ ಬಳೆಯನ್ನು ನಾನು ತೊಡುವವರೆಗೂ ನಾದಿನಿ ನೋಡುತ್ತಲೇ ಇದ್ದಳು. ಅದು ನನ್ನ ತವರಿನದು, ಅವಳಿಗೂ ಗೊತ್ತು.

ಒಂದು ಯಂತ್ರಕ್ಕೆ ಕಬ್ಬಿಣವನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಕೂಗುವ ತಿರುಪು ಇತ್ತು. ಇನ್ನೊಂದು ಎಲ್ಲ ಲೋಹಕ್ಕೂ ಒಂದೇ ಥರ ಕೂಗುತ್ತಿತ್ತು, ಆದರೆ ಆಳಕ್ಕೆ ಹೋಗುತ್ತಿತ್ತು.

"ರೀ, ಕಬ್ಬಿಣ ಬಿಡೋದೇ ಒಳ್ಳೇದಲ್ವಾ?" ಅಂದೆ.

"ಅಮ್ಮ ಏನಿಟ್ರೂ ಬಿಸ್ಕತ್ತಿನ ತಗಡಿನ ಡಬ್ಬೀಲೇ ಇಡೋದು" ಅಂದಳು ನಾದಿನಿ. "ಅದು ಡಬ್ಬೀನೂ ಬಿಡುತ್ತೆ, ಒಳಗಿರೋದನ್ನೂ ಬಿಡುತ್ತೆ. ಅದಕ್ಕೇ ಬೇಕಾ ನಿಮಗೆ?"

ಅಂಗಡಿಯವನು ಮಣ್ಣು ಎಂಥದು ಅಂತ ಕೇಳಿದ. "ಕೆಂಪು ಮಣ್ಣು" ಅಂದರು ನಮ್ಮವರು. ಎಲ್ಲಕ್ಕೂ ಕೂಗುವುದನ್ನೇ ತಂದೆವು.

ನಮ್ಮವರು ಹಿತ್ತಲ ಮೆಟ್ಟಿಲು ಇಳಿದು ಯಂತ್ರದ ಗುಂಡಿ ಒತ್ತಿದ ಕೂಡಲೇ ಅದು ಕೂಗಿತು. ಒಂದು ಹೆಜ್ಜೆ ಮುಂದೆ ಇಟ್ಟರೂ ಕೂಗಿತು. ನುಗ್ಗೆ ಮರದ ಬುಡ, ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ, ಎಲ್ಲ ಕಡೆಯೂ ಒಂದೇ ಕೂಗು. ನಮ್ಮವರು ಯಂತ್ರ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತರು.

"ಸ್ಲ್ಯಾಗು" ಅಂದರು.

ಮಳೆಗಾಲದಲ್ಲಿ ನೀರು ನಿಲ್ಲುತ್ತದೆಂದು ನಮ್ಮ ಸಾಲಿನವರೆಲ್ಲ ಹಿತ್ತಲಿಗೆ ಊರಿನ ಕಬ್ಬಿಣದ ಕಾರ್ಖಾನೆಯ ಸ್ಲ್ಯಾಗು, ಅಂದರೆ ಕಬ್ಬಿಣ ಕರಗಿಸಿ ಉಳಿದ ಕಿಟ್ಟ, ಸುರಿಸಿ ಮೇಲೆ ಕೆಂಪು ಮಣ್ಣು ಹರಡಿದ್ದರು. ನಮ್ಮ ಹಿತ್ತಲಿಗೆ ಮಣ್ಣಿನ ಬುಟ್ಟಿ ಹೊತ್ತವಳು ನಾನೇ. ಇಪ್ಪತ್ತು ವರ್ಷ ಆ ಕಾರ್ಖಾನೆಯ ಕುಲುಮೆ ಮುಂದೆ ನಿಂತ ನಮ್ಮವರಿಗೂ, ಬುಟ್ಟಿ ಹೊತ್ತ ನನಗೂ, ಅಂಗಡಿಯಲ್ಲಿ ಅದು ನೆನಪಾಗಲಿಲ್ಲ.

"ಏನ್ ಸಾರ್, ಅಷ್ಟು ಕೂಗ್ತೈತೆ, ಕೊಪ್ಪರಿಗೇನೇ ಇರ್ಬೇಕು!" ಅಂದ ಬೇಲಿಯಾಚೆಯ ಮುದುಕ. ನಮ್ಮವರು ಮೂರು ಕಡೆ ಅಗೆದರು. ಕಿಟ್ಟ, ಒಂದು ಮುರುಕು ಬೋಲ್ಟು, ಮತ್ತೆ ಕಿಟ್ಟ.

ಆಗ ನಾದಿನಿ ಯಂತ್ರ ಎತ್ತಿಕೊಂಡಳು. "ಒಳಗೂ ಒಂದ್ಸಲ ನೋಡೋಣ ಅಣ್ಣ" ಅಂದಳು.

"ಏನೇ ಮಾರಾಯ್ತಿ, ಒಳಗೇನು ನೋಡ್ತೀಯ?" ಅಂದರು ನಮ್ಮವರು. ಅವಳು ಯಂತ್ರ ಹಿಡಿದು ನೇರ ಅಡುಗೆಮನೆಗೆ ನಡೆದಳು.

ಅಕ್ಕಿ ಡಬ್ಬದ ಹತ್ತಿರ ಕೂಗಿತು, ಕಬ್ಬಿಣದ ಮಂಚದ ಹತ್ತಿರ ಕೂಗಿತು, ನನ್ನ ಟ್ರಂಕಿನ ಮುಂದೆ ಕೂಗಿತು. ಅವಳು ಅಲ್ಲೇ ನಿಂತಳು. ನಾನು ಟ್ರಂಕು ತೆರೆದು ಸೀರೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟೆ. ಬೇಡ ಅತ್ತಿಗೆ ಅನ್ನುತ್ತಾಳೆ ಅಂತ ಮೊದಲ ಸೀರೆಗೆ ಕಾದೆ, ಎರಡನೆಯದಕ್ಕೆ ಕಾದೆ. ಅನ್ನಲಿಲ್ಲ. ತಳದ ಹಾಳೆ ಎತ್ತುವವರೆಗೂ ನೋಡಿದಳು. ಮಂಚದ ಮೇಲಿಂದ ಅತ್ತೆಯೂ ನೋಡಿದರು. ಅವರ ಎಡಗೈ ಮತ್ತೆ ಹಿತ್ತಲ ಕಡೆ ಎದ್ದಿತು.

ಸೀರೆಗಳನ್ನು ಮಡಿಸಿ ಇಡುವಾಗ ನಮ್ಮವರು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮಡಿಸಲು ಬಾರದಿದ್ದರೂ ಒಂದನ್ನು ಮಡಿಸಿದರು. ಒಡವೆ ಇವತ್ತಿಗೂ ಸಿಕ್ಕಿಲ್ಲ.

ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ನಾದಿನಿ ಹೊಟ್ಟೆ ಸರಿಯಿಲ್ಲ ಅಂದು ಬರೀ ಮಜ್ಜಿಗೆ ಅನ್ನ ಉಂಡಳು, ಅದನ್ನೂ ತಾನೇ ಬಡಿಸಿಕೊಂಡು. ಮೊದಲು ನಿದ್ದೆ ಹೋದವಳು ಅವಳೇ. ಆಮೇಲೆ ಅತ್ತೆ. ನಾನು ಎದ್ದೇ ಇದ್ದೆ.