ಇಸ್ತ್ರಿಯವನ ಗುರುತುಗಳು

ಆ ಬೀದಿಯಲ್ಲಿ ಇಸ್ತ್ರಿಯವನ ನೆನಪಿನ ಶಕ್ತಿಯನ್ನು ಹೊಗಳದವರಿಲ್ಲ. ಅರವತ್ತು ಮನೆಯ ಬಟ್ಟೆ ಒಂದೇ ರಾಶಿಯಲ್ಲಿ ಬಿದ್ದಿರಲಿ, ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಗುಟ್ಟೆಲ್ಲ ಕಾಲರಿನ ಒಳಗಿತ್ತು: ವಕೀಲರಿಗೆ ಕೆಂಪು ನೂಲಿನ ಎರಡು ಹೊಲಿಗೆ, ನರ್ಸಮ್ಮನಿಗೆ ಹಸಿರಿನದು ಒಂದು. ಹೆಸರು ಬರೆದರಾಗದೇ ಎಂದವರಿಗೆ, "ಶಾಯಿ ಒಗೆದ್ರೆ ಹೋಗುತ್ತೆ ಸ್ವಾಮಿ, ನೂಲು ಹೋಗುತ್ತಾ?" ಎಂದು ನಗುತ್ತಿದ್ದ. ನಿಜ ಹೇಳಬೇಕೆಂದರೆ, ಪುಣ್ಯಾತ್ಮನಿಗೆ ಓದಲು ಬರುತ್ತಿರಲಿಲ್ಲ. ಐದು ವರ್ಷ ಶಾಲೆಗೆ ಹೋಗಿಬಂದದ್ದೇ ಬಂತು. ನಿನ್ನೆ ಕಲಿತ ಅಕ್ಷರದ ಗುರುತು ಇವತ್ತು ಸಿಗುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಇದನ್ನು ಹೇಳದೆ, ದಿನಾ ಬೆಳಿಗ್ಗೆ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದ.

ಮಗಳಿಗೆ ಎಂಟು ವರ್ಷ. ಮಾತು ಪಟಪಟ, ಲೆಕ್ಕ ಬೆರಳ ತುದಿಯಲ್ಲಿ. ಪುಸ್ತಕ ಹಿಡಿದರೆ ಮಾತ್ರ ತಡಬಡ. "ಗಮನ ಎಲ್ಲಿಟ್ಟಿದೀಯ?" ಎಂದು ಒಮ್ಮೆ ಕೆನ್ನೆಗೆ ಬಾರಿಸಿಯೂ ಇದ್ದ. ಅವನಪ್ಪನೂ ಅವನಿಗೆ ಹೀಗೇ ಬಾರಿಸುತ್ತಿದ್ದ.

ಓದಲು ತೊಡಕಿರುವ ಹತ್ತು ಮಕ್ಕಳಿಗೆ ಬೇರೆ ರೀತಿಯ ಪಾಠ ಶುರುಮಾಡಲು ಮಗಳ ಶಾಲೆಗೆ ಒಬ್ಬರು ಡಾಕ್ಟರಮ್ಮ ಬಂದರು. ಹೆತ್ತವರಿಗೆಲ್ಲ ಒಂದೊಂದು ಫಾರಂ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಶಾಲೆಗೆ ಇವನೊಬ್ಬನೇ ಬಂದಿದ್ದ. ಪಕ್ಕದ ಹೆಂಗಸು ಬಲಗಡೆಯ ಚೌಕಗಳಿಗೆ ಸಾಲಾಗಿ ಗುರುತು ಹಾಕಿದ್ದನ್ನು ಓರೆಗಣ್ಣಲ್ಲಿ ನೋಡಿ, ತಾನೂ ಹಾಗೆಯೇ ಹಾಕಿ ಕೊಟ್ಟ.

ವಾರ ಕಳೆದು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು.

"ಈ ಓದಿನ ತೊಡಕು ಎಷ್ಟೋ ಸಲ ಹುಟ್ಟಿನಿಂದಲೇ ಬರುತ್ತೆ," ಎಂದರು ಡಾಕ್ಟರಮ್ಮ. "ಅಪ್ಪನಿಗೋ ಅಮ್ಮನಿಗೋ ಇದ್ರೆ ಮಗೂಗೂ ಬರೋದು ಜಾಸ್ತಿ. ಅಂಥ ಮಕ್ಕಳನ್ನ ಮೊದಲು ತಗೊಂಡ್ವಿ. ನೀವು ಮನೇಲಿ ಯಾರಿಗೂ ಇಲ್ಲ ಅಂತ ಗುರುತು ಹಾಕಿದೀರ. ಇನ್ನೊಂದೇ ಜಾಗ ಉಳಿದಿದೆ. ಸರಿಯಾಗಿ ಯೋಚಿಸಿ ಹೇಳಿ."

"ನಮ್ಮೋರಾ? ಪೇಪರಲ್ಲಿ ಒಂದಕ್ಷರ ಬಿಡಲ್ಲ ಮೇಡಂ," ಎಂದಳು ಹೆಂಡತಿ ಹೆಮ್ಮೆಯಿಂದ.

ಮಾತು ಗಂಟಲವರೆಗೆ ಬಂತು. ಅಯ್ಯೋ ಮಹಾರಾಯ, ಹೇಳಿಬಿಡಬಾರದಿತ್ತೇ! ಹೆಂಡತಿಯ ಮುಖ ನೋಡಿದ.

"ಯಾರಿಗೂ ಇಲ್ಲ ಮೇಡಂ."

ಜಾಗ ಬೇರೆ ಮಗುವಿಗೆ ಹೋಯಿತು. ದಾರಿಯಲ್ಲಿ ಮಗಳು ಅವನ ಬೆರಳು ಹಿಡಿದು ಕೇಳಿದಳು: "ಅಪ್ಪಾ, ನಮ್ಮನೇಲಿ ನಾನೊಬ್ಳೇನಾ ಹಿಂಗೆ?"

"ರಸ್ತೆ ನೋಡ್ಕೊಂಡು ನಡಿ," ಎಂದ.

ಮರುದಿನ ಅವಳ ಚೀಲ ಎತ್ತಿಕೊಡುವಾಗ ಪುಸ್ತಕಗಳ ರಟ್ಟಿನೊಳಗೆ ನೂಲು ಕಂಡಿತು: ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು. ಅವನ ಡಬ್ಬಿಯ ನೂಲೇ.

"ಹೆಸರು ಓದೋದೇ ಬೇಡ, ಟೀಚರ್ ಕೇಳಿದ ತಕ್ಷಣ ತೆಗೀಬಹುದು," ಎಂದು ಮಗಳು ಪಿಸುಗುಟ್ಟಿದಳು. "ಅಮ್ಮಂಗೆ ಹೇಳ್ಬೇಡಪ್ಪ."