ಪುಕ್ಕಟೆ ಮಾಲು

ಪುಣೆಯ ಕಾತ್ರಜದ ನಮ್ಮ ಮನೆಯಲ್ಲಿ ಅಜಿವಾನದ, ಅಂದರೆ ಓಮಕಾಳಿನ, ಹೊಗೆ ಎದ್ದಿದೆ. ಮಗಳು ಸುಧಾಳದು ಎರಡನೆಯ ಬಾಣಂತನ. ಒಳಗೆ ಬನ್ನಿ, ಮೊದಲು ಕೆಮ್ಮು ಬರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ನನಗೆ ಮಾತ್ರ ಈ ವಾಸನೆಗೆ ಅವಳ ಮೊದಲ ಬಾಣಂತನವೇ ನೆನಪಾಗುತ್ತದೆ. ಆಗ ಹೊಗೆ ಹಾಕೋಣವೆಂದರೆ ಮನೆಯಲ್ಲಿ ಬಾಣಂತಿಯೂ ಇರಲಿಲ್ಲ, ಕೂಸೂ ಇರಲಿಲ್ಲ.

ಅದು ಕೊರೋನಾದ ಮೊದಲ ವರ್ಷ. ಹೆರಿಗೆಗೆ ಹೋದ ಸುಧಾಳಿಗೆ ಸೋಂಕು ತಗುಲಿತ್ತು. ಹಾಲಿನಿಂದ ಕೂಸಿಗೂ ಹತ್ತೀತೆಂದು ಆಸ್ಪತ್ರೆಯವರು ಅದನ್ನು ಬೇರೆ ಕೋಣೆಗೆ ಒಯ್ದರು. ಅವರನ್ನು ಬೈಯಲಾರೆ, ಆಗ ಯಾರಿಗೆ ಏನು ಗೊತ್ತಿತ್ತು? "ಅವ್ವಾ, ಹಾಲು ಕಟ್ಟಿ ಎದಿ ಕಲ್ಲಾಗ್ಯದ. ಕೂಸಿನ ಮಾರಿ ಸೈತ ನೋಡಿಲ್ಲ" ಎಂದು ಮಗಳು ಫೋನಿನಲ್ಲಿ ಅತ್ತಳು.

ಅಳಿಯ ಮೈಸೂರಿನವರು, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ. ನನ್ನ ಅಡುಗೆಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು, ದೇಶವಿದೇಶದ ವಿಜ್ಞಾನಿಗಳು ಬರೆದದ್ದನ್ನು ಓದುತ್ತ ಕುಳಿತರು.

"ಅತ್ತೆ, ಸೋಂಕಿತ್ತಲ್ಲ, ಅಂಥ ಬಾಣಂತಿಯರ ಹಾಲನ್ನೇ ಟೆಸ್ಟ್ ಮಾಡಿದಾರೆ. ಹಾಲಲ್ಲಿ ಸೋಂಕು ಹರಡೋ ವೈರಸ್ ಸಿಕ್ಕಿಲ್ಲ. ಪೂರ್ತಿ ಫ್ರೀಯಾಗಿ ಓದೋಕೆ ಬಿಟ್ಟಿದಾರೆ."

ನಾವು ಬಟ್ಟೆ ವ್ಯಾಪಾರದವರು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ತಲೆ ನರೆತವಳು ನಾನು. ಪುಕ್ಕಟೆ ಎಂದರೆ ನಮ್ಮಲ್ಲಿ ಒಂದೋ ಬಣ್ಣ ಬಿಡುವುದು, ಇಲ್ಲ ಹರಿದದ್ದು.

"ಚಲೋ ಮಾಲು ಯಾರ್ರೀ ಪುಕ್ಕಟೆ ಕೊಡ್ತಾರ?" ಎಂದೆ.

"ಮಾಮೂಲಾಗಿ ಕೊಡಲ್ಲ ಅತ್ತೆ. ದುಡ್ಡು ಕಟ್ಟದೆ ಪುಟಾನೇ ತೆರೆಯಲ್ಲ. ಈ ಕಾಯಿಲೆ ಬಂತು ಅಂತ ಬಾಗಿಲು ತೆಗೆದಿದಾರೆ."

ಸಿಕ್ಕಿದ್ದನ್ನೆಲ್ಲ ಅವರು ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ಕಳಿಸಿದರು. ಆ ಡಾಕ್ಟರಮ್ಮ ಓದಿ, ಜೊತೆಯ ಡಾಕ್ಟರರೊಡನೆ ಮಾತಾಡಿ, ಮರುದಿನ ತಾವೇ ಫೋನ್ ಮಾಡಿದರು: ಮಾಸ್ಕ್ ಹಾಕಿಕೊಂಡು, ಕೈ ತೊಳೆದು, ಸುಧಾಳೇ ಕುಡಿಸಲಿ. ಮಧ್ಯಾಹ್ನ ವಿಡಿಯೋದಲ್ಲಿ ನೋಡಿದೆ. ಮಗಳ ಮಾಸ್ಕ್ ಕಣ್ಣೀರಿನಿಂದ ತೊಯ್ದಿತ್ತು, ಕೂಸು ಲೋಕದ ಪರಿವೆಯಿಲ್ಲದೆ ಕುಡಿಯುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಾನೂ ಅತ್ತೆ.

ತಮ್ಮ ಸಂಕಟದಲ್ಲೂ ಪರೀಕ್ಷೆಗೆಂದು ಹಾಲು ಕೊಟ್ಟ ಆ ಹೆಂಗಸರು ಯಾರೋ, ಎಲ್ಲಿಯವರೋ. ದೀಪ ಹಚ್ಚುವಾಗ ಹೆಸರು ಗೊತ್ತಿಲ್ಲದ ಅವರಿಗೂ, ತಿಳಿದದ್ದನ್ನು ಮುಚ್ಚಿಡದೆ ಹಂಚಿದವರಿಗೂ ಒಂದು ನಮಸ್ಕಾರ ಹಾಕುತ್ತೇನೆ. ಅವರ ಉಪಕಾರ ಭಾಳ ದೊಡ್ಡದು.

ಇಂದು ಬೆಳಿಗ್ಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದು, ಯಾವುದೋ ಹೊಸ ಜ್ವರದ ಅಧ್ಯಯನದಲ್ಲಿ ಹೋಲಿಸಿ ನೋಡಲು ಸುಧಾಳ ಹಾಲು ಸ್ವಲ್ಪ ಬೇಕೆಂದಳು. ಸುಧಾ ಮರಾಠಿಯಲ್ಲಿ ಒಂದೇ ಮಾತು ಕೇಳಿದಳು: ಗೊತ್ತಾದದ್ದು ಎಲ್ಲರಿಗೂ ಓದಲು ಸಿಗುತ್ತದೆಯೇ? ಹುಡುಗಿ ಹೌದೆಂದಳು. ಸುಧಾ ಹಸಿದು ಅಳುತ್ತಿದ್ದ ಕೂಸನ್ನು ನನ್ನ ಕೈಗಿತ್ತು ಹಾಲು ಹಿಂಡಿಕೊಡಲು ಒಳಗೆ ಹೋದಳು.

"ತಡಿಯವ್ವಾ" ಎಂದೆ ಮೊಮ್ಮಗಳಿಗೆ, "ಬ್ಯಾರೆ ಯಾರದೋ ಕೂಸಿಗೂ ಬೇಕಾಗ್ಯದ."